ಮೆಲ್ಬರ್ನ್‌ಗೆ ಹೋದವನಿಗೆ ಒಂದು ಕಾಗದ

ಕಳೆದ ವಾರ ಗ್ಯಾರೇಜು ಗುಡಿಸುವಾಗ, ಬಿಚ್ಚದೇ ಉಳಿದಿದ್ದ ಒಂದು ರಟ್ಟಿನ ಪೆಟ್ಟಿಗೆಯ ತಳದಲ್ಲಿ ಲ್ಯಾಟಿನ್ ನಿಘಂಟೊಂದು ಸಿಕ್ಕಿತು. ಸಿಡ್ನಿಯ ಎಪ್ಪಿಂಗ್‌ನ ಬಾಡಿಗೆ ಫ್ಲಾಟ್ ಬಿಟ್ಟು ಸ್ಕೋಫೀಲ್ಡ್ಸ್‌ನ ಈ ಮನೆಗೆ ಬಂದು ಎಷ್ಟೋ ವರ್ಷಗಳಾದರೂ, ಅಂಥ ಪೆಟ್ಟಿಗೆಗಳು ನಮ್ಮಲ್ಲಿನ್ನೂ ಆರೇಳು ಇವೆ. ಒಳಗೇನಿದೆ ಎಂದು ಮರೆತುಹೋದ ಮೇಲೆ ಬಿಚ್ಚುವ ಧೈರ್ಯವೂ ಹೋಗುತ್ತದೆ.

ನಮ್ಮವರು ಪುಸ್ತಕದ ಧೂಳು ಕೊಡವಿ, "ಇದನ್ನ ಯಾರಿಗಾದ್ರೂ ಕೊಟ್ಬಿಡೋಣ್ವಾ?" ಅಂದರು.

"ಯಾರಿಗೆ?" ಅಂದೆ.

ಇಬ್ಬರೂ ನಿಂತು ಯೋಚಿಸಿದೆವು. ನಮ್ಮ ಬೀದಿಯಲ್ಲಿ ಸೌತೆಕಾಯಿ ಬೀಜ ಕೇಳುವವರಿದ್ದಾರೆ, ಏಣಿ ಕೇಳುವವರಿದ್ದಾರೆ. ಲ್ಯಾಟಿನ್ ಕೇಳುವವರು ಯಾರೂ ನೆನಪಿಗೆ ಬರಲಿಲ್ಲ. ನಿಘಂಟು ಪೆಟ್ಟಿಗೆಗೇ ವಾಪಸು ಹೋಯಿತು. ನಾನು ಮಾತ್ರ ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಮೈಸೂರಿನ ವಠಾರದಲ್ಲಿ ಬೆಳೆದವಳಿಗೂ ಲ್ಯಾಟಿನ್‌ಗೂ ಎತ್ತಣ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ನನ್ನದಲ್ಲ, ಮಗಳು ಸಿಂಧುವಿನದು. ಎಂಟನೇ ಕ್ಲಾಸಿನಲ್ಲಿ ಅವಳ ಶಾಲೆಯವರು ಫ್ರೆಂಚ್, ಜಪಾನೀಸ್, ಲ್ಯಾಟಿನ್ ಮೂರರಲ್ಲಿ ಒಂದು ಆರಿಸಿಕೊಳ್ಳಿ ಎಂದಿದ್ದರು. "ಜಪಾನೀಸ್ ತಗೋ ಪುಟ್ಟಿ, ನಾಳೆ ಕೆಲಸಕ್ಕಾದ್ರೂ ಬರುತ್ತೆ" ಎಂದರು ಅವಳಪ್ಪ. ಅವಳು ಲ್ಯಾಟಿನ್‌ಗೆ ಟಿಕ್ ಹಾಕಿದ್ದಳು. ಯಾಕೆ ಎಂದರೆ, "ಬಿಕಾಸ್ ನೋಬಡಿ ಸ್ಪೀಕ್ಸ್ ಇಟ್, ಅಪ್ಪ. ಯಾರೂ ನನ್ನ ಆಕ್ಸೆಂಟ್ ಕರೆಕ್ಟ್ ಮಾಡಲ್ಲ" ಎಂದಳು. ಎಂಟು ವರ್ಷಕ್ಕೆ ಸಿಡ್ನಿಗೆ ಬಂದ ಮಗು. ಶಾಲೆಯಲ್ಲಿ ಅವಳ ಮಾತನ್ನು ಎಷ್ಟು ಜನ, ಎಷ್ಟು ಸಲ ತಿದ್ದಿದ್ದರೋ. ನಾನು ಅದನ್ನು ಅವತ್ತು ಕೇಳಲಿಲ್ಲ. ಜಾಣ ಉತ್ತರ ಎಂದು ನಕ್ಕು, ಒಂದು ವಾರ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ.

ಆಮೇಲೆ ಊಟದ ಮೇಜಿನ ಮೇಲೆ ಲ್ಯಾಟಿನ್ ಶುರುವಾಯಿತು. ಆ ಭಾಷೆಯಲ್ಲೂ ನಾಮಪದಕ್ಕೆ ಬಾಲ ಹಚ್ಚುತ್ತಾರೆ, ಕ್ರಿಯಾಪದ ಹೆಚ್ಚಾಗಿ ವಾಕ್ಯದ ಕೊನೆಗೆ ಬಂದು ಕೂರುತ್ತದೆ. "ಅಯ್ಯೋ, ಇದು ನಮ್ಮ ವಿಭಕ್ತಿಪ್ರತ್ಯಯ ಕಣೇ!" ಎಂದು ನಾನು ಉ, ಅನ್ನು, ಇಂದ, ಗೆ ಎಂದು ಬೆರಳು ಮಡಚಿ ಹೇಳಿದೆ. ಅವಳಿಗೆ ಅದು ತಟ್ಟನೆ ಹತ್ತಿತು. ಕ್ಲಾಸಿನ ಉಳಿದ ಮಕ್ಕಳು ತಡಕಾಡುವಾಗ ಇವಳು ಒಳಗೊಳಗೇ ಕನ್ನಡ ಮಾಡಿಕೊಂಡು ಉತ್ತರ ಬರೆಯುತ್ತಿದ್ದಳಂತೆ. ಹದಿಮೂರು ವರ್ಷದ ಮಗಳು ತಾಯಿಯನ್ನು ಒಂದು ಕೆಲಸಕ್ಕೆ ಬರುವ ವಸ್ತುವಾಗಿ ನೋಡುವುದು ಅಪರೂಪ. ನನಗೆ ಕೋಡು ಬಂದಿತ್ತು.

ಹತ್ತನೇ ಕ್ಲಾಸಿನಲ್ಲಿ ಪಾಠಕ್ಕೆ ಬಂದದ್ದು ಆ ಭಾಷೆಯ ಹಳೆಯ ಪ್ರೇಮಕಥೆಗಳು. ಅವು ನಾವು ತಿಳಿದಂಥ ಕಥೆಗಳಲ್ಲ, ಬರೀ ಕಾಗದಗಳು. ಹಡಗು ಹತ್ತಿ ಹೋದ ಗಂಡಸಿಗೆ ದಡದಲ್ಲಿ ಉಳಿದ ಹೆಂಗಸು ಬರೆಯುತ್ತಾಳೆ. ಬರುತ್ತೇನೆಂದು ಹೇಳಿ ಎಷ್ಟು ಹುಣ್ಣಿಮೆ ಕಳೆದವು, ಸಮುದ್ರದಲ್ಲಿ ಬಿಳಿಯದೇನು ಕಂಡರೂ ನಿನ್ನ ಹಡಗಿನ ಹಾಯಿ ಎಂದುಕೊಳ್ಳುತ್ತೇನೆ, ಅಕ್ಷರ ಕಲಸಿದ್ದರೆ ಅದು ನನ್ನ ಕಣ್ಣೀರು ಎಂದು ತಿಳಿ – ಹೀಗೆ. ಎಂಥ ಸಂಕಟದಲ್ಲಿದ್ದರೂ ಮೊದಲು ಅವನ ಆರೋಗ್ಯ ಕೋರುತ್ತಾರೆ. ನಮ್ಮಜ್ಜಿ ಮನೆಯ ಛಾವಣಿ ಕುಸಿದ ಸುದ್ದಿಯನ್ನೂ "ಇತ್ತ ಕಡೆ ಎಲ್ಲರೂ ಕ್ಷೇಮ" ಎಂದು ಶುರುಮಾಡಿಯೇ ಬರೆಸಿದ್ದು ನನಗೆ ನೆನಪಾಗುತ್ತಿತ್ತು. ನಾನು ಚಪಾತಿ ಹಿಟ್ಟು ನಾದುತ್ತಾ ಕೇಳುತ್ತಿದ್ದೆ, ಅವಳು ಇಂಗ್ಲಿಷ್ ಮಾಡಿ ಓದುತ್ತಿದ್ದಳು.

"ಆಮೇಲೆ? ಉತ್ತರ ಬಂತಾ?"

"ನೋ ರಿಪ್ಲೈ, ಅಮ್ಮ. ದಟ್ಸ್ ದಿ ಪಾಯಿಂಟ್."

"ಇದೆಂಥಾ ನ್ಯಾಯ! ಅವನ ಕಡೆ ಮಾತೂ ಒಂದ್ಸಲ ಕೇಳ್ಬೇಕಲ್ವಾ?"

"ಅಮ್ಮ, ಈ ಹುಡುಗೀರೇ ಇಲ್ಲ. ಯಾರೋ ಒಬ್ಬ ಗಂಡಸು ರೂಮಲ್ಲಿ ಕೂತ್ಕೊಂಡು ಎಲ್ಲಾ ಬರ್ದಿರೋದು. ಇಟ್ಸ್ ಆಲ್ ಮೇಡ್ ಅಪ್."

ಇಲ್ಲದ ಹುಡುಗಿಯರ ಕಾಗದ! ನನಗೆ ಅದು ಅಷ್ಟೇನೂ ಆಶ್ಚರ್ಯದ ವಿಷಯವಾಗಿರಲಿಲ್ಲ, ಯಾಕೆಂದರೆ ಆ ಕಸುಬು ನಾನೂ ಮಾಡಿದ್ದೆ. ನಮ್ಮ ವಠಾರದ ಕೊನೇ ಮನೆಯಲ್ಲಿ ಪುಟ್ಟಮ್ಮ ಎಂಬವರಿದ್ದರು. ಗಂಡ ಮಿಲಿಟರಿಯಲ್ಲಿ. ಓದು ಬಾರದ ಪುಟ್ಟಮ್ಮ ಇನ್‌ಲ್ಯಾಂಡ್ ಲೆಟರ್ ಬಂದ ಕೂಡಲೇ ನನ್ನನ್ನು ಕರೆಯುತ್ತಿದ್ದರು. ಆ ಮನುಷ್ಯನೋ, ಹವೆ ಹೇಗಿದೆ, ಹಸು ಎಷ್ಟು ಹಾಲು ಕೊಡುತ್ತಿದೆ ಎನ್ನುವುದು ಬಿಟ್ಟು ಬೇರೆ ಬರೆದವನಲ್ಲ. ಪುಟ್ಟಮ್ಮ ಮುಖ ಮುಂದೆ ಮಾಡಿಕೊಂಡು ಕಾಯುವುದನ್ನು ನೋಡಲಾರದೆ ಹನ್ನೊಂದು ವರ್ಷದ ನಾನು, "ನಿನ್ನ ನೆನಪು ತುಂಬಾ ಆಗುತ್ತದೆ. ನಿನ್ನ ಕೈಯ ಮೊಸರನ್ನ ಇಲ್ಲಿ ಯಾರಿಗೂ ಬರುವುದಿಲ್ಲ" ಎಂದು ಸೇರಿಸಿ ಓದಿದೆ. ಮುಂದಿನ ಸಲ ಇನ್ನೆರಡು ಸಾಲು. ಆ ಮನುಷ್ಯ ರಜೆಗೆ ಬಂದಾಗ ಪುಟ್ಟಮ್ಮ ಅವನಿಗೆ ಮೂರು ಹೊತ್ತೂ ಮೊಸರನ್ನ ಬಡಿಸಿದರಂತೆ. ನಾಲ್ಕನೇ ದಿನ ಅವನು ತಟ್ಟೆ ತಳ್ಳಿದಾಗ ಎಲ್ಲ ಹೊರಬಿತ್ತು. ಪುಟ್ಟಮ್ಮ ನನ್ನನ್ನು ಕರೆದು ಕೈಗೆರಡು ಚಕ್ಕುಲಿ ಕೊಟ್ಟು, "ಇನ್ಮೇಲೆ ಇರೋದನ್ನ ಓದವ್ವ" ಎಂದರು. ಬೈಯಲಿಲ್ಲ. ಬೈದಿದ್ದರೆ ನಾನು ಇನ್ನೂ ಸ್ವಲ್ಪ ಬುದ್ಧಿವಂತೆಯಾಗುತ್ತಿದ್ದೆನೇನೋ.

ಈಗ ಪ್ರಫುಲ್ಲಾಳ ವಿಷಯ ಹೇಳಬೇಕು. ಹೇಳಬೇಕಾದದ್ದೇ ಅದು, ಇಷ್ಟು ಹೊತ್ತು ಸುತ್ತು ಹೊಡೆದೆ.

ಎಪ್ಪಿಂಗ್‌ನಲ್ಲಿ ನಾವು ಮೊದಲನೇ ಮಹಡಿ, ಪ್ರಫುಲ್ಲಾ ನೆಲಮಹಡಿ. ಉಡುಪಿ ಕಡೆಯವರು, ಮನೆಯಲ್ಲಿ ತುಳು. ಗಂಡ ಸದಾನಂದ ಒಂದು ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ಒಬ್ಬನೇ ಮಗ ಧೀರಜ್, ಸಿಂಧುವಿಗಿಂತ ಎರಡು ವರ್ಷ ದೊಡ್ಡವನು. ಹಿತ್ತಲಿನಲ್ಲಿ ಇಡೀ ಕಟ್ಟಡಕ್ಕೆ ಬಟ್ಟೆ ಒಣಹಾಕುವ ತಂತಿ ಒಂದೇ ಇದ್ದದ್ದರಿಂದ ನಮಗೆ ಪರಿಚಯವಾಯಿತು. ಆ ಕಡೆಯವರ ಮರ್ಯಾದೆ ನಿಮಗೆ ಗೊತ್ತಲ್ಲ, ಎರಡು ವರ್ಷ ಅವಳು ನನ್ನನ್ನು "ನೀವು, ತಾವು" ಎಂದೇ ಮಾತಾಡಿಸಿದಳು. ಒಂದು ದಿನ ಮಳೆ ಹನಿಯತೊಡಗಿದಾಗ ಕೆಳಗಿನಿಂದ, "ಓ ವತ್ಸಲಾ! ಎಂತ ಮಾಡ್ತಿದ್ದಿ ಮಾರಾಯ್ತಿ, ನಿನ್ನ ಬೆಡ್‌ಶೀಟೆಲ್ಲ ಚಂಡಿ ಆಗ್ತಾ ಉಂಟು!" ಎಂದು ಕೂಗಿದಳು. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ನಾನು ಬಾಲ್ಕನಿಯಿಂದ ಬಗ್ಗಿ, "ಹಾಗೇ ಕರಿ ಕಣೇ, ಚೆನ್ನಾಗಿದೆ" ಎಂದೆ. ಅವತ್ತಿನಿಂದ ನಮ್ಮಿಬ್ಬರ ನಡುವೆ ಬಹುವಚನ ಸತ್ತುಹೋಯಿತು.

ಧೀರಜ್‌ಗೆ ಓದು ಅಷ್ಟಕ್ಕಷ್ಟೆ. ನಮ್ಮ ಜನರ ನಡುವೆ ಹಾಗಿರುವುದು ಎಂದರೆ ಏನು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಭಾನುವಾರದ ಒಂದೊಂದು ಊಟದಲ್ಲೂ ಯಾರ ಮಗ ಯಾವ ಶಾಲೆಗೆ ಸೆಲೆಕ್ಟ್ ಆದ, ಯಾರಿಗೆ ಎಷ್ಟು ಬಂತು ಎನ್ನುವುದೇ ಮಾತು. ಹನ್ನೊಂದನೇ ಕ್ಲಾಸಿನ ಅರ್ಧಕ್ಕೆ ಅವನು ಶಾಲೆ ಬಿಟ್ಟು ಎಲೆಕ್ಟ್ರಿಷಿಯನ್ ಕೆಲಸ ಕಲಿಯಲು ಹೋಗುತ್ತೇನೆ ಎಂದ ದಿನ, ಪ್ರಫುಲ್ಲಾ ನಮ್ಮ ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ಯಾರತ್ರವೂ ಹೇಳ್ಬೇಡ ಮಾರಾಯ್ತಿ. ಊರಲ್ಲಿ ಅತ್ತೆಗೆ ಇಂಜಿನಿಯರಿಂಗ್ ಅಂತ ಹೇಳಿದ್ದೇವೆ" ಎಂದಳು. ನಾನು ಪಕ್ಕದಲ್ಲೇ ಕುಳಿತು ಬೆನ್ನು ಸವರಿದೆ. "ಎಲ್ಲಾರೂ ಕಂಪ್ಯೂಟರ್ ಮುಂದೆ ಕೂತ್ರೆ ಮನೆಗೆ ಲೈಟ್ ಹಾಕೋರು ಯಾರು? ಅವನ ಕೈಯಲ್ಲಿ ಕೆಲಸ ಇದೆ ಕಣೇ, ನೋಡ್ತಿರು" ಎಂದೆ. ಆಗ ನಾನು ಹಾಗೆ ನಂಬಿಯೇ ಹೇಳಿದ್ದೆನೇ? ಹೌದು ಎಂದೇ ಅಂದುಕೊಂಡಿದ್ದೆ.

ಮುಂದಿನ ವರ್ಷ ಸದಾನಂದರಿಗೆ ಮೆಲ್ಬರ್ನ್‌ನಲ್ಲಿ ಇನ್ನೂ ಒಳ್ಳೆಯ ಕೆಲಸ ಸಿಕ್ಕಿತು. ಲಾರಿ ಬಂತು, ಸಾಮಾನು ಹೋಯಿತು, ಕೆಳಗಿನ ಮನೆಗೆ ಬೇರೆ ಯಾರೋ ಬಂದರು. ಲಾರಿಯಲ್ಲಿ ಜಾಗ ಸಾಲದೆ ಧೀರಜ್‌ನ ಸೈಕಲ್ಲು ನಮ್ಮ ಗ್ಯಾರೇಜಿನಲ್ಲೇ ಉಳಿಯಿತು. ಪ್ರಫುಲ್ಲಾ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದಳು.

ಆ ದಿನಗಳಲ್ಲಿ ನಾನು ಚಾಟ್ಸ್‌ವುಡ್‌ನ ಒಂದು ಇನ್ಶೂರೆನ್ಸ್ ಆಫೀಸಿನ ಟಪಾಲು ವಿಭಾಗದಲ್ಲಿದ್ದೆ. ಬಂದ ಲಕೋಟೆ ಒಡೆಯುವುದು, ಒಳಗಿನ ಕಾಗದ ಓದಿ ಇದು ಯಾರ ಮೇಜಿಗೆ ಹೋಗಬೇಕು ಎಂದು ತೀರ್ಮಾನಿಸುವುದು. ಬೆಳಗಿನಿಂದ ಸಂಜೆವರೆಗೆ ಬೇರೆಯವರ ಕಾಗದ ಓದುವುದೇ ನನ್ನ ಅನ್ನ. ಎರಡು ಸಾಲು ಓದಿದರೆ ಕಾರು ಗುದ್ದಿದ್ದೋ, ಮನೆ ಸೋರಿದ್ದೋ ಹೇಳಿಬಿಡುತ್ತಿದ್ದೆ. ಸೂಪರ್‌ವೈಸರ್ ಹೊಗಳುತ್ತಿದ್ದಳು. ಆ ಹೊಗಳಿಕೆ ತಲೆಗೇರಿತ್ತು ಎಂದು ಈಗ ಅನ್ನಿಸುತ್ತದೆ.

ಒಂದು ಬುಧವಾರ ನನಗೆ ರಜೆ. ಬಟ್ಟೆ ತೊಳೆಯಲು ಸಿಂಧುವಿನ ಶಾಲೆಯ ಬ್ಲೇಜರ್ ಜೇಬು ತಡವಿದಾಗ ನಾಲ್ಕಾಗಿ ಮಡಚಿದ ಹಾಳೆ ಸಿಕ್ಕಿತು. ಅವಳದೇ ಕೈಬರಹ, ಇಂಗ್ಲಿಷ್. ಕನ್ನಡದಲ್ಲಿ ಹೇಳಿದರೆ ಹೀಗಿತ್ತು: "ನೀನು ಮೆಲ್ಬರ್ನ್‌ಗೆ ಹೋಗಿ ಎಂಟು ತಿಂಗಳಾಯಿತು. ಲಾರಿಯ ಬಾಗಿಲು ಮುಚ್ಚುವಾಗ ನೀನು ಮೇಲೆ ನೋಡಲಿಲ್ಲ. ನಾನು ಬಾಲ್ಕನಿಯಲ್ಲೇ ಇದ್ದೆ. ನಿನ್ನ ಸೈಕಲ್ಲಿನ ಗಾಳಿ ಹೋಗಿದೆ. ನನಗೆ ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ. ನೀನು ಬಿಟ್ಟುಹೋದದ್ದನ್ನು ನಾನೊಬ್ಬಳೇ ಹೊತ್ತು ತಿರುಗುತ್ತಿದ್ದೇನೆ. ಇನ್ನು ಹೆಚ್ಚು ದಿನ ಮುಚ್ಚಿಡಲು ಆಗುವುದಿಲ್ಲ. ಅಮ್ಮನಿಗೆ ಗೊತ್ತಾದರೆ ನನ್ನ ಕಥೆ ಮುಗಿಯಿತು." ಕೊನೆಗೆ 'ಎಸ್' ಎಂದಷ್ಟೇ ಸಹಿ.

"ಹೊತ್ತು" ಎಂಬ ಮಾತಿನ ಹತ್ತಿರ ನಿಂತು, ಆ ಸಾಲನ್ನು ಮತ್ತೆ ಎರಡು ಸಲ ಓದಿದೆ. ಊಟ ಸೇರುತ್ತಿಲ್ಲ ಎಂದು ಬರೆದವಳು ಅವತ್ತೇ ಬೆಳಿಗ್ಗೆ ನಾಲ್ಕು ದೋಸೆ ತಿಂದು, ಐದನೆಯದಕ್ಕೆ ಸಮಯವಿಲ್ಲ ಎಂದು ಗೊಣಗುತ್ತಾ ಟ್ರೈನಿಗೆ ಓಡಿದ್ದಳು. ಅದೂ, ಎಂಟು ತಿಂಗಳೆಂದರೆ ಹೊಟ್ಟೆ ಕಾಣಬೇಕಿತ್ತಲ್ಲ ಎಂಬುದೂ ನನ್ನ ತಲೆಗೆ ಹೊಳೆಯಲೇ ಇಲ್ಲ. ನಮ್ಮವರಿಗೆ ಫೋನ್ ಮಾಡಿದೆ, ಮೀಟಿಂಗಿನಲ್ಲಿದ್ದರು. ಸಿಂಧು ಬರುವುದು ನಾಲ್ಕು ಗಂಟೆಗೆ. ಆಗಿನ್ನೂ ಹತ್ತೂವರೆ. ಅಷ್ಟು ಹೊತ್ತು ಕಾಯುವುದು ನನ್ನ ಕೈಲಾಗಲಿಲ್ಲ. ಮೆಲ್ಬರ್ನ್‌ಗೆ ಫೋನ್ ಮಾಡಿದೆ.

"ಎಂತ ಮಾರಾಯ್ತಿ, ಇವತ್ತು ರಜೆಯಾ?" ಎಂದಳು ಪ್ರಫುಲ್ಲಾ. ಕುಕ್ಕರ್ ಕೂಗುತ್ತಿತ್ತು.

"ನಿನ್ನ ಮಗ ನನ್ನ ಮಗಳಿಗೆ ಏನ್ ಮಾಡಿದಾನೆ ಗೊತ್ತಾ?"

"ಯಾರು? ಧೀರಜಾ? ಸರಿ ಹೇಳು, ಎಂತ ಆಯ್ತು?"

ನಾನು ಕಾಗದವನ್ನು ಪೂರ್ತಿ ಓದಿದೆ. ಅವಳು ಕುಕ್ಕರ್ ಆರಿಸಿದ ಶಬ್ದ ಕೇಳಿಸಿತು.

"ಸಿಂಧು ಹತ್ರ ಕೇಳಿದಿಯಾ?"

"ಅವಳನ್ನೇನು ಕೇಳೋದು? ಎಲ್ಲಾ ಇಲ್ಲೇ ಇದೆಯಲ್ಲ!"

"ಹಾಗಲ್ಲ, ಹುಡುಗಿ ಶಾಲೆಯಿಂದ ಬರ್ಲಿ. ಮೊದ್ಲು ಅವಳತ್ರ ಒಂದು ಮಾತು ಕೇಳು. ಇವನೂ ಸೈಟಿಂದ ಬರ್ಲಿ, ನಾನು ಕೇಳ್ತೇನೆ. ಗಾಬರಿ ಮಾಡ್ಕೊಳ್ಬೇಡ ಮಾರಾಯ್ತಿ."

ಅವಳ ಆ ಸಮಾಧಾನವೇ ನನ್ನನ್ನು ಕೆರಳಿಸಿತು. ಯಾವ ಬಾಯಿಯಿಂದ ಆಡಿದೆನೋ, ಹೀಗೆಂದೆ: "ನಿಂಗೇನಮ್ಮಾ! ನಿನ್ನ ಮಗನ ತಲೆಗೆ ಹೇಗೂ ಓದು ಹತ್ತಲಿಲ್ಲ, ವೈರ್ ಎಳೆಯೋಕೆ ಹೋದ. ಕಳ್ಕೊಳ್ಳೋಕೆ ಅವನ ಹತ್ರ ಏನಿದೆ? ನನ್ನ ಮಗಳು ಹಾಗಲ್ಲ."

ಫೋನ್ ಕಟ್ಟಾಯಿತೇನೋ ಎಂದು "ಹಲೋ, ಹಲೋ" ಎಂದೆ.

"ಇದ್ದೇನೆ," ಎಂದಳು. "ಆಯ್ತು. ಅವನತ್ರ ಕೇಳಿ ಹೇಳ್ತೇನೆ" ಎಂದು ಇಟ್ಟಳು.

ನಾಲ್ಕು ಗಂಟೆಗೆ ಸಿಂಧು ಬಂದಳು. ನನ್ನ ಕೈಯಲ್ಲಿದ್ದ ಹಾಳೆ ನೋಡಿ ಮೊದಲು ಅವಳಿಗೆ ಬಂದದ್ದು ಸಿಟ್ಟು. "ಯೂ ವೆಂಟ್ ಥ್ರೂ ಮೈ ಪಾಕೆಟ್ಸ್?"

"ಮೊದ್ಲು ಇದೇನು ಹೇಳು."

"ಇಟ್ಸ್ ಮೈ ಲ್ಯಾಟಿನ್ ಅಸೈನ್‌ಮೆಂಟ್, ಅಮ್ಮ!"

ಬ್ಯಾಗಿನಿಂದ ಇನ್ನೊಂದು ಹಾಳೆ ತೆಗೆದು ಮೇಜಿನ ಮೇಲೆ ಬಡಿದಳು. ಟೀಚರು ಟೈಪು ಮಾಡಿ ಕೊಟ್ಟದ್ದು. ನಾವು ಓದಿದ ಕಾಗದಗಳ ಹಾಗೆಯೇ, ನಿಮ್ಮ ಕಾಲದಲ್ಲಿ, ನಿಮ್ಮ ಊರಿನಲ್ಲಿ ಬಿಟ್ಟುಹೋದವನಿಗೆ ಒಂದು ಕಾಗದ ಬರೆಯಿರಿ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಲ್ಯಾಟಿನ್‌ನಲ್ಲಿ. ಹಡಗಿನ ಬದಲು ಇವಳು ಲಾರಿ ಹಾಕಿದ್ದಳು. ಸಮುದ್ರದಾಚೆಯ ಊರಿನ ಬದಲು ಮೆಲ್ಬರ್ನ್.

"ಮತ್ತೆ ಹೊತ್ಕೊಂಡು ತಿರುಗೋದು ಅಂದ್ರೆ?"

"ಸೀಕ್ರೆಟ್, ಅಮ್ಮ! ಲವ್! ವಾಟ್ ಡಿಡ್ ಯೂ ಥಿಂಕ್?"

ನಾನೇನು ತಿಳಿದೆ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವಳ ಮುಖ ನಿಧಾನವಾಗಿ ಬದಲಾಯಿತು. "ಯಾರಿಗಾದ್ರೂ ಹೇಳಿದ್ಯಾ?" ಎಂದಳು. ನಾನು ಫೋನಿನ ಕಡೆ ನೋಡಿದೆ. "ಆಂಟಿಗೆ ಫೋನ್ ಮಾಡಿದ್ಯಾ?"

ನಮ್ಮ ಮಕ್ಕಳು ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವವರು. ಸಿಂಧು ಇಡೀ ವಾಕ್ಯ ಕನ್ನಡದಲ್ಲಿ ಆಡಿದಳೆಂದರೆ ಒಂದೋ ಏನಾದರೂ ಬೇಕಾಗಿರುತ್ತಿತ್ತು, ಇಲ್ಲ ತೀರಾ ನೋವಾಗಿರುತ್ತಿತ್ತು. ಅವಳು ಬ್ಯಾಗ್ ಜಾರಲು ಬಿಟ್ಟು ನೆಲದ ಮೇಲೆ ಕುಳಿತಳು. "ನಾನು ಅವನ ಹತ್ರ ಸರಿಯಾಗಿ ಮಾತಾಡಿರೋದೇ ಒಂದ್ಸಲ, ಅಮ್ಮ. ನನ್ನ ಸೈಕಲ್ ಚೈನ್ ಬಿದ್ದಾಗ ಹಾಕ್ಕೊಟ್ಟ. ಅಷ್ಟೇ."

ಮೆಲ್ಬರ್ನ್‌ಗೆ ಮತ್ತೆ ಫೋನ್ ಮಾಡಿದೆ. ಎತ್ತಿದ್ದು ಸದಾನಂದರು. ಪ್ರಫುಲ್ಲಾ ಕೆಲಸಕ್ಕೆ ಹೋಗಿದ್ದಾಳೆ ಎಂದರು. ನಾನು ತಡವರಿಸುತ್ತಾ ಶಾಲೆಯ ಪಾಠ, ತಪ್ಪು ತಿಳಿದೆ, ಕ್ಷಮಿಸಿ ಎಂದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಹೌದಾ. ಒಳ್ಳೇದಾಯ್ತು. ಹುಡುಗನನ್ನು ಮಧ್ಯಾಹ್ನವೇ ಸೈಟಿಂದ ಕರೆಸಿ ಕೇಳಿದೆವು, ಇಲ್ಲ ಅಂತಲೇ ಹೇಳಿದ. ನಾವು ದೇವರ ದೀಪ ಮುಟ್ಟಿಸಿ ಪ್ರಮಾಣ ಮಾಡಿಸಿ ಆಯ್ತು" ಎಂದರು. ಅವರ ಕಡೆ ಪ್ರಮಾಣ ಎಂದರೆ ಆಟವಲ್ಲ. ಹದಿನೆಂಟು ತುಂಬದ ಹುಡುಗ, ಕೆಲಸದ ಬೂಟು ಬಿಚ್ಚಿ, ಕೈ ತೊಳೆದು, ಮಾಡದ ತಪ್ಪಿಗೆ ದೀಪ ಮುಟ್ಟಿ ನಿಂತದ್ದನ್ನು ನಾನು ಆ ನಂತರ ಎಷ್ಟು ಸಲ ಕಣ್ಣ ಮುಂದೆ ತಂದುಕೊಂಡಿದ್ದೇನೆ ಎಂದು ಲೆಕ್ಕವಿಲ್ಲ.

ಮರುದಿನ ಪ್ರಫುಲ್ಲಾ ಸಿಕ್ಕಳು. "ಇರ್ಲಿ ಬಿಡಿ. ಮಕ್ಕಳ ವಿಷಯ, ತಾಯಂದಿರಿಗೆ ಗಾಬರಿ ಆಗ್ತದೆ" ಎಂದಳು.

ಇರ್ಲಿ ಬಿಡಿ. ಬಿಡು ಅಲ್ಲ.

ಸಿಂಧು ಒಮ್ಮೆ ಹೇಳಿದ್ದಳು, ಲ್ಯಾಟಿನ್‌ನಲ್ಲಿ ಆಗೆಲ್ಲ ಒಬ್ಬನಿಗೆ ಒಂದೇ 'ನೀನು' ಅಂತೆ. ರಾಜನಿಗೂ ಅದೇ, ಆಳಿಗೂ ಅದೇ, ಬಿಟ್ಟುಹೋದ ಪ್ರಿಯನಿಗೂ ಅದೇ. ಆ ಕಾಗದ ಬರೆದ ಹೆಂಗಸರು ಏನೆಲ್ಲ ಕಳೆದುಕೊಂಡಿರಬಹುದು. 'ನೀನು' ಎಂಬುದು 'ನೀವು' ಆಗುವ ನೋವು ಅವರಿಗೆ ಗೊತ್ತಿರಲಿಕ್ಕಿಲ್ಲ.

ಫೋನಿನಲ್ಲಿ ಆಗದ್ದನ್ನು ಕಾಗದದಲ್ಲಿ ಬರೆಯೋಣ ಎಂದು ಕುಳಿತೆ. ದಿನವಿಡೀ ಊರವರ ಕಾಗದ ಓದುವವಳಿಗೆ ಒಂದು ಕಾಗದ ಬರೆಯುವುದು ಎಷ್ಟರ ಮಾತು? ಮೊದಲನೆಯದು ಇನ್ಶೂರೆನ್ಸ್ ಕ್ಲೇಮಿನ ಹಾಗಿತ್ತು: ಇಂಥ ದಿನ, ಇಂಥ ಸಮಯಕ್ಕೆ, ಇಂಥ ಕಾರಣದಿಂದ. ಎರಡನೆಯದರಲ್ಲಿ ನಾನು ತಾಯಿ, ನನ್ನ ಸಂಕಟ, ನನ್ನ ಭಯ ಎಂದು ಎರಡು ಪುಟ ನನ್ನ ಬಗ್ಗೆಯೇ ಇತ್ತು. ಮೂರನೆಯದರಲ್ಲಿ ಧೀರಜ್‌ನನ್ನು ಎಷ್ಟು ಹೊಗಳಿದ್ದೆನೆಂದರೆ ಓದಿದವರಿಗೆ ಸಂಬಂಧ ಕೇಳುತ್ತಿದ್ದೇನೆ ಎನಿಸಬೇಕು. ಆಡಿದ ಆ ಒಂದು ಮಾತನ್ನು ಹೆಸರು ಹಿಡಿದು ಬರೆಯಲು ಯಾವುದರಲ್ಲೂ ಆಗಲಿಲ್ಲ. ಕೊನೆಗೆ ಅದನ್ನು ಬಿಟ್ಟೇ ಒಂದು ಪುಟ ಬರೆದು ಪೋಸ್ಟ್ ಮಾಡಿದೆ. ಉತ್ತರ ಬರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ನಮ್ಮವರಿಗೆ ಆಫೀಸಿನ ಕೆಲಸ ಮೆಲ್ಬರ್ನ್‌ನಲ್ಲಿ ಬಿತ್ತು. ನಾನೂ ಜೊತೆಗೆ ಹೋಗಿ ಕ್ಲೇಟನ್ ಸ್ಟೇಷನ್ನಿನಲ್ಲಿಳಿದು ಅವಳ ಮನೆ ಹುಡುಕಿಕೊಂಡು ಹೋದೆ. ಪ್ರಫುಲ್ಲಾ ಬಾಗಿಲು ತೆರೆದು, "ಬನ್ನಿ, ಬನ್ನಿ. ಮೊದಲೇ ಹೇಳಿದ್ರೆ ಸ್ಟೇಷನ್ನಿಗೆ ಬರ್ತಿದ್ದೆವಲ್ಲ" ಎಂದಳು. ಷೋಕೇಸಿನಲ್ಲಿಡುವ ಕಪ್ಪಿನಲ್ಲಿ ಕಾಫಿ ಬಂತು, ಸಾಸರಿನ ಸಮೇತ. ಎಪ್ಪಿಂಗ್‌ನಲ್ಲಿ ನಾನು ಅವಳ ಅಡುಗೆಮನೆಯ ಕಟ್ಟೆ ಹತ್ತಿ ಕುಳಿತು ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದೆ. ಸಾಸರನ್ನು ತೊಡೆಯ ಮೇಲಿಟ್ಟುಕೊಂಡು, ಕಾಗದಕ್ಕೆ ಆಗದ ಮಾತನ್ನು ಹೇಗೋ ಬಾಯಿ ಬಿಟ್ಟು ಹೇಳಿದೆ.

"ಧೀರಜ್ ಬಗ್ಗೆ ನಾನು ಹಾಗೆ ಅನ್ಬಾರ್ದಾಗಿತ್ತು, ಪ್ರಫುಲ್ಲಾ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನೀವು ಕಾಗದ ನೋಡಿ ಹೆದರಿದ್ದು ನನಗೆ ಅರ್ಥ ಆಗ್ತದೆ," ಎಂದಳು. "ನಾನಾದ್ರೂ ಹೆದರ್ತಿದ್ದೆ. ಆದ್ರೆ ಆ ಮಾತು ಕಾಗದದಲ್ಲಿ ಇರ್ಲಿಲ್ಲ."

ಅಷ್ಟರಲ್ಲಿ ಧೀರಜ್ ಕೆಲಸದಿಂದ ಬಂದ. ಹೊಳೆಯುವ ಹಳದಿ ಅಂಗಿ, ತಲೆತುಂಬ ಗಾರೆಯ ಧೂಳು, ಒಂದು ಗೇಣು ಎತ್ತರ ಬೆಳೆದಿದ್ದ. ನನ್ನನ್ನು ಕಂಡವನೇ, "ಹಾಯ್ ಆಂಟಿ! ನನ್ನ 'ಲವ್ ಲೆಟರ್'ಗೆ ಮಾರ್ಕ್ಸ್ ಎಷ್ಟು ಬಂತಂತೆ?" ಎಂದು ಬಾಯಿತುಂಬ ನಕ್ಕ. ಇಪ್ಪತ್ತಕ್ಕೆ ಹದಿಮೂರು ಎಂದೆ. ವ್ಯಾಕರಣ ಚೆನ್ನಾಗಿದೆ, ಆದರೆ ಭಾವನೆ ನಂಬುವ ಹಾಗಿಲ್ಲ ಎಂದು ಟೀಚರು ಬರೆದಿದ್ದರು. ಅದನ್ನು ಹೇಳಿದಾಗ ಅವನು ಗೋಡೆ ಹಿಡಿದುಕೊಂಡು ನಕ್ಕ. ಪ್ರಫುಲ್ಲಾ ನಗಲಿಲ್ಲ. ಮಗನ ಮುಖವನ್ನು ಒಂದು ಸಲ, ನನ್ನ ಮುಖವನ್ನು ಒಂದು ಸಲ ನೋಡಿ, ಕಪ್ಪು ಸಾಸರು ಎತ್ತಿಕೊಂಡು ಒಳಗೆ ಹೋದಳು. ಹೊರಡುವಾಗ ಹಲಸಿನ ಹಪ್ಪಳದ ಕಟ್ಟು ಕೊಟ್ಟಳು. ಮರ್ಯಾದೆಯಲ್ಲಿ ಎಳ್ಳಷ್ಟೂ ಕೊರತೆ ಮಾಡಲಿಲ್ಲ.

ನನ್ನ ಇನ್ನೊಂದು ನಷ್ಟ ಮನೆಯಲ್ಲೇ ಆಯಿತು. ಹನ್ನೊಂದನೇ ಕ್ಲಾಸಿಗೆ ವಿಷಯ ಆರಿಸುವಾಗ ಸಿಂಧು ಲ್ಯಾಟಿನ್ ಬಿಟ್ಟು ಎಕನಾಮಿಕ್ಸ್ ತೆಗೆದುಕೊಂಡಳು. ಕೇಳಿದ್ದಕ್ಕೆ, "ಟೂ ಮಚ್ ವರ್ಕ್" ಎಂದಳು. ನಮ್ಮವರು ಒಳ್ಳೆಯದಾಯಿತು ಎಂದರು. ಊಟದ ಮೇಜು ಖಾಲಿಯಾಯಿತು. ಅವಳು ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದತೊಡಗಿದಳು. ಜೇಬುಗಳಲ್ಲಿ ಮತ್ತೆಂದೂ ಒಂದು ಚೀಟಿಯೂ ಸಿಗಲಿಲ್ಲ. ಬಟ್ಟೆ ಮಷೀನಿಗೆ ಹಾಕುವ ಮೊದಲು ಅವಳೇ ನೋಡಿಡುತ್ತಿದ್ದಳು. ಬೆರಳು ಮಡಚಿ ವಿಭಕ್ತಿ ಹೇಳಿಕೊಡುವ ಸಂದರ್ಭ ನನಗೆ ಮುಂದೆ ಬರಲಿಲ್ಲ.

ಅವಳಿಗೆ ಯೂನಿವರ್ಸಿಟಿ ಸೀಟು ಸಿಕ್ಕಿದ್ದು ಮೆಲ್ಬರ್ನ್‌ನಲ್ಲಿ. ನನಗೆ ಪ್ರಫುಲ್ಲಾಳಿಗೆ ಹೇಳಲು ಬಾಯಿ ಬರಲಿಲ್ಲ. ಯಾರಿಂದಲೋ ತಿಳಿದು ಅವಳೇ ಏರ್‌ಪೋರ್ಟಿಗೆ ಹೋಗಿ ಸಿಂಧುವನ್ನು ಕರೆದುಕೊಂಡು ಹೋದಳಂತೆ. ಹಾಸ್ಟೆಲಿನ ಕೋಣೆಯ ಲೈಟು ಮಿನುಗುತ್ತದೆ ಎಂದು ಧೀರಜ್ ಬಂದು ಸರಿಮಾಡಿಕೊಟ್ಟನಂತೆ. ಅವನಿಗೆ ಆಗಲೇ ಒಬ್ಬ ಇಟಾಲಿಯನ್ ಹುಡುಗಿ ಜೊತೆಯಾಗಿದ್ದಳು, ಪ್ರಫುಲ್ಲಾ ಅವಳಿಗೆ ನೀರುದೋಸೆ ಹುಯ್ಯುವುದನ್ನು ಕಲಿಸುತ್ತಿದ್ದಳು. ಇದೆಲ್ಲ ಸಿಂಧು ಹೇಳಿ ನನಗೆ ಗೊತ್ತು. ಪ್ರತಿ ಭಾನುವಾರ ಮಧ್ಯಾಹ್ನದ ಊಟ ಅವಳಿಗೆ ಕ್ಲೇಟನ್‌ನಲ್ಲೇ. ಯುಗಾದಿಗೆ, ದೀಪಾವಳಿಗೆ ಪ್ರಫುಲ್ಲಾ ನನಗೂ ತಪ್ಪದೆ ಫೋನ್ ಮಾಡುತ್ತಿದ್ದಳು. ಆರೋಗ್ಯ ವಿಚಾರಿಸುತ್ತಿದ್ದಳು. ಎರಡು ನಿಮಿಷಕ್ಕೆ ಮಾತು ಮುಗಿಯುತ್ತಿತ್ತು.

ಒಂದು ಭಾನುವಾರ ಸಿಂಧುವಿನ ಜೊತೆ ಮಾತಾಡುತ್ತಿದ್ದೆ. ಅವಳು ಕ್ಲೇಟನ್‌ನ ಅಡುಗೆಮನೆಯಲ್ಲಿದ್ದಳು. ಯಾರು ಏನೆಂದರೋ, ಹಿಂದಿನಿಂದ ಪ್ರಫುಲ್ಲಾಳ ನಗು ಕೇಳಿಸಿತು. ಅವಳು ನಕ್ಕರೆ ಮೊದಲು ಸದ್ದೇ ಬರುವುದಿಲ್ಲ, ಆಮೇಲೆ ಕೆಮ್ಮಿನ ಹಾಗೆ ಒಮ್ಮೆಲೇ ಒಡೆದುಕೊಂಡು ಬರುತ್ತದೆ. "ಅಯ್ಯೋ ಮಾರಾಯ್ತಿ, ನಿನ್ನ ದೋಸೆ ನೋಡು, ಆಸ್ಟ್ರೇಲಿಯಾದ ಮ್ಯಾಪಿನ ಹಾಗೆ ಉಂಟು!" ಎಂದು ಯಾರಿಗೋ, ಬಹುಶಃ ನನ್ನ ಮಗಳಿಗೇ, ಹೇಳುತ್ತಿದ್ದಳು. ನಾನು ಏನು ಮಾತಾಡುತ್ತಿದ್ದೆನೋ ಅದನ್ನು ನಿಲ್ಲಿಸಿ ಕೇಳುತ್ತಾ ನಿಂತೆ.

"ಅಮ್ಮ? ಆಂಟಿ ಇಲ್ಲೇ ಇದ್ದಾರೆ. ಫೋನ್ ಕೊಡ್ಲಾ?"

ಆ ಕಡೆ ನಗು ತಟ್ಟನೆ ನಿಂತಿತು. ಕೈ ಒರೆಸಿಕೊಳ್ಳುತ್ತಿರಬೇಕು, ಗಂಟಲು ಸರಿಮಾಡಿಕೊಳ್ಳುತ್ತಿರಬೇಕು.

"ಬೇಡ ಕಣೇ," ಎಂದೆ. "ದೋಸೆ ಆರುತ್ತೆ, ಊಟ ಮಾಡಿ."

ಕಿವಿಯಿಂದ ಫೋನು ತೆಗೆಯದೆ, ಆ ನಗು ಮತ್ತೆ ಶುರುವಾಗುತ್ತದೇನೋ ಎಂದು ಕಾದೆ. ಸಿಂಧು ಅಷ್ಟು ಹೊತ್ತು ಕಾಯದೆ ಫೋನ್ ಇಟ್ಟಳು.